ನೀಲಿ ಅಂಚಿನ ಉಗುರು

ತಪ್ಪೆಲ್ಲ ಉಗುರಿನದೇ. ಮಾಂಸದ ಚೂರಾದರೆ ಮೇಣದಲ್ಲಿ ತೆಪ್ಪಗೆ ಕೂತು ತೆಳ್ಳಗೆ ಕತ್ತರಿಸಿಕೊಳ್ಳುತ್ತದೆ. ಉಗುರು ಹಾಗಲ್ಲ, ಮುನಿಸಿಕೊಂಡ ಅಳಿಯನ ಹಾಗೆ ಬಿಗಿದುಕೊಂಡಿರುತ್ತದೆ.

ಲ್ಯಾಬಿನಲ್ಲಿ ಹದಿನೆಂಟು ವರ್ಷ ಮೈಕ್ರೋಸ್ಕೋಪಿಗೆ ಸ್ಲೈಡ್ ಮಾಡಿ ಸ್ವಂತ ಹೆಸರನ್ನೇ ಕಳೆದುಕೊಂಡಿದ್ದ ಸ್ಲೈಡಪ್ಪ, ಈ ಉಗುರನ್ನು ಎರಡು ದಿನ ಸೋಪಿನ ನೀರಲ್ಲಿ ನೆನೆಸಿ ಮೇಣದಲ್ಲಿ ಕೂರಿಸಿದ್ದ. ಮೊದಲೆರಡು ತುಂಡು ಪುಡಿಯಾಗಿದ್ದವು. ಉಳಿದದ್ದು, ಡಾಕ್ಟರಮ್ಮ ಗುರುತಿಗೆಂದು ಅಂಚಿಗೆ ನೀಲಿ ಶಾಯಿ ಹಚ್ಚಿದ್ದ ಇದೊಂದೇ. ಇದೂ ಹೋದರೆ, ಪರೀಕ್ಷೆಗೆ ಇದನ್ನು ಕೊಟ್ಟ ಹೊಲಿಗೆ ಟೀಚರಮ್ಮನ ಕಾಲಿನ ಹೆಬ್ಬೆರಳ ಉಗುರನ್ನು ಮತ್ತೆ ಕೊಯ್ಯಬೇಕು.

"ನಾಲ್ಕು ಗಂಟೆಗೆ ಸ್ಲೈಡ್ ಬರ್ಬೇಕು. ಇಲ್ಲಾಂದ್ರೆ ಆಯಮ್ಮನಿಗೆ ನೀವೇ ಫೋನ್ ಮಾಡಿ ಹೇಳಿ," ಎಂದಿದ್ದರು ಡಾಕ್ಟರಮ್ಮ.

ಆ ಫೋನನ್ನು ನೆನೆದೇ ಸ್ಲೈಡಪ್ಪ ಬೆಳಗಿನಿಂದ, ಕೈಗವಸು ತೆಗೆದಾಗಲೆಲ್ಲ, ತನ್ನ ಕೈ ಹೆಬ್ಬೆರಳಿನ ಉಗುರು ಕಚ್ಚಿ ಉಗಿಯುತ್ತಿದ್ದ.

ಕತ್ತರಿಸುವ ಯಂತ್ರದ ಹಿಡಿ ತಿರುಗಿಸಿದ. ಟಕ್! ಹುರಿಗಡಲೆಯ ಹಾಗೆ ಉಗುರು ಮೇಣದಿಂದ ಸಿಡಿದು ಮಾಯವಾಯಿತು.

"ಅಯ್ಯೋ, ಯಾರೂ ಅಲ್ಲಾಡ್ಬೇಡಿ!"

ರಿಜಿಸ್ಟರ್ ಬರೆಯುವ ಅಕ್ಕ ಎತ್ತಿದ ಕಾಲನ್ನು ಹಾಗೇ ನಿಲ್ಲಿಸಿದಳು. "ಎಷ್ಟೊತ್ತಣ್ಣಾ ಹೀಗೆ? ನಾನೇನು ಕೊಕ್ಕರೆನಾ?"

ಇಬ್ಬರೂ ಅಂಬೆಗಾಲಿಟ್ಟು ನೆಲವೆಲ್ಲ ತಡಕಿದರು. ಕೊನೆಗೆ ಅಕ್ಕನೇ ಕೂಗಿದಳು: "ಸಿಕ್ತು! ನಿಮ್ ಕುರ್ಚಿ ಕೆಳಗೇ ಇತ್ತಲ್ಲ! ಕನ್ನಡಕ ಏನ್ ಶೋಕಿಗಾ?"

ಮತ್ತೆ ಮೇಣದಲ್ಲಿ ಕೂರಿಸಿದ, ಉಸಿರು ಬಿಗಿಹಿಡಿದು ಕತ್ತರಿಸಿದ. ಬೆಣ್ಣೆ! ಎರಡು ದಿನ ನೆನೆಸಿದ್ದು ಈಗ ಫಲ ಕೊಟ್ಟಿತೆಂದು ಅವನ ಸುಸ್ತಾದ ಕಣ್ಣು ತುಂಬಿ ಬಂತು.

ನಾಲ್ಕಕ್ಕೆ ಡಾಕ್ಟರಮ್ಮ ಮೈಕ್ರೋಸ್ಕೋಪಿಗೆ ಬಗ್ಗಿದರು. "ವಾಹ್, ಎಷ್ಟು ನೀಟಾಗಿ ಕತ್ತರಿಸಿದ್ದೀರಿ! ಫಂಗಸ್ ಕಾಡು ಬೆಳೆದ ಹಾಗೆ ಬೆಳೆದಿದೆ. ಮೂರು ತಿಂಗಳು ಮಾತ್ರೆ ನುಂಗ್ಬೇಕು."

ಹದಿನೆಂಟು ವರ್ಷದಲ್ಲಿ ಮೊದಲ ಹೊಗಳಿಕೆ. ಸ್ಲೈಡಪ್ಪನಿಗೆ ಕೂರಲೋ ನಿಲ್ಲಲೋ ತಿಳಿಯಲಿಲ್ಲ.

"ಅಲ್ಲಾ, ನಾನು ಹಚ್ಚಿದ ನೀಲಿ ಎಲ್ಲಿ?" ತಲೆಯೆತ್ತಿದ ಡಾಕ್ಟರಮ್ಮನ ಕಣ್ಣು ಅವನ ಸ್ವೆಟರಿನ ಮೊಣಕೈಯಲ್ಲಿ ನೆಟ್ಟಿತು. ಅಲ್ಲಿ, ಉಣ್ಣೆಗೆ ಸಿಕ್ಕಿಕೊಂಡು, ನೀಲಿ ಅಂಚಿನ ಉಗುರು ಹಾಯಾಗಿ ಕೂತಿತ್ತು. ಚಿಮಟದಲ್ಲಿ ಎತ್ತಹೋದರು. ಪುಡಿಪುಡಿಯಾಯಿತು.

"ಹಾಗಾದ್ರೆ ಈ ಸ್ಲೈಡಲ್ಲಿರೋದು ಯಾರ್ದು?"

ಅಕ್ಕ, ಕಚ್ಚಿ ಕಚ್ಚಿ ಮೊಂಡಾಗಿದ್ದ ಅವನ ಹೆಬ್ಬೆರಳ ಉಗುರನ್ನೇ ನೋಡಿದಳು. ಸ್ಲೈಡಪ್ಪ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಡಾಕ್ಟರಮ್ಮ ಅವನಿಗೇ ಮಾತ್ರೆಯ ಚೀಟಿ ಬರೆದುಕೊಟ್ಟು, ಫೋನನ್ನೂ ಅವನತ್ತ ತಳ್ಳಿದರು.

ಅತ್ತ ಟೀಚರಮ್ಮನ ಮನೆಯಲ್ಲಿ ಫೋನು ರಿಂಗಾಗತೊಡಗಿತು. ಏನು ಹೇಳುವುದು, ಹೇಗೆ ಹೇಳುವುದು?

"ಅಣ್ಣಾ," ಎಂದಳು ಅಕ್ಕ, "ಬಾಯಿಂದ ಕೈ ತೆಗೀರಿ!"