ಸಹಕಿಣ್ವವನ್ನು ನಾನು ಕಾಪಾಡಿದ ಬಗೆ

ವಸ್ತುಗಳನ್ನು ತಣ್ಣಗೆ ಕಾಪಾಡುವ ವಿಷಯದಲ್ಲಿ ಇಡೀ ಕೊಟ್ಟೂರಿನಲ್ಲಿ ನನಗಿಂತ ಅನುಭವಸ್ಥರು ಇರಲಾರರು. ನನ್ನ ಹೆಂಡತಿ ಗಿರಿಜಾ ತೀರಿಕೊಂಡು ಎಂಟು ತಿಂಗಳು. ಅವಳು ಕೊನೆಯ ಸಲ ರುಬ್ಬಿದ ಹೋಳಿಗೆಯ ಹೂರಣ ನಮ್ಮ ಫ್ರೀಜರ್‌ನಲ್ಲಿ, ಸ್ಟೀಲ್ ಡಬ್ಬಿಯೊಳಗೆ, ಹಾಗೇ ಇತ್ತು. ಕರೆಂಟು ಹೋದರೆ ಫ್ರಿಜ್ಜಿಗೆ ಕಂಬಳಿ ಹೊದಿಸುತ್ತಿದ್ದೆ!

ಆದ್ದರಿಂದ ಅವಳ ಅಣ್ಣನ ಮಗಳು ಸುಮಾ ಬಸ್ಸಿನ ಕಿಟಕಿಯಿಂದ ಥರ್ಮೋಕೋಲ್ ಪೆಟ್ಟಿಗೆ ಕೊಟ್ಟಾಗ ಎದೆಯುಬ್ಬಿಸಿಯೇ ತೆಗೆದುಕೊಂಡೆ. ಸುಮಾ ಸಂಶೋಧನಾ ವಿದ್ಯಾರ್ಥಿನಿ. ಹರಪನಹಳ್ಳಿಗೆ ಹೋಗಿ ಸಂಜೆ ನಮ್ಮ ಮನೆಗೆ ಬರುವವಳಿದ್ದಳು.

“ಮಾವ, ಇದ್ರಾಗ ಸಹಕಿಣ್ವ ಐತ್ರಿ, ಕೋಎಂಜೈಮ್. ಮನಿಗೆ ಹೋದ ಕೂಡ್ಲೆ ಫ್ರೀಜರ್‌ನಾಗ ಇಡ್ರಿ. ಬೆಚ್ಚಗಾತಂದ್ರ ನನ್ನ ಪ್ರಯೋಗ ಮಣ್ಣುಪಾಲು!”

“ಏನ್ ಮಾಡ್ತೈತವ್ವಾ ಅದು?”

“ಉಂಡಿದ್ದನ್ನ ಶಕ್ತಿ ಮಾಡಾಕ ಕಿಣ್ವದ ಜೊತಿ ದುಡಿತೈತ್ರಿ. ಇದು ಇಲ್ಲಂದ್ರ ಕಿಣ್ವ ಸುಮ್ನ ಕುಂದರ್ತೈತಿ.”

“ನನ್ನಂಗ,” ಎಂದೆ. ಬಸ್ಸು ಹೊರಟಿತು.

ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದೆ. ಕಲ್ಲಿನಂತೆ ಗಟ್ಟಿಯಾದ ನಾಲ್ಕು ನೀಲಿ ಪೊಟ್ಟಣ. ನೋಡಿದ ಕೂಡಲೇ ಗೊತ್ತಾಯಿತು: ಸಹಕಿಣ್ವ! ಅವುಗಳ ನಡುವೆ ಬೆರಳಿನ ಗೆಣ್ಣಿನಷ್ಟು ಕೊಳವೆ, ಅದರಲ್ಲಿ ಚಿಟಿಕೆ ಬಿಳಿ ಪುಡಿ. ಹೊಸ ಬೂಟಿನ ಡಬ್ಬಿಯಲ್ಲಿ ತೇವ ಹೀರಲು ಇಡುತ್ತಾರಲ್ಲ, ಅಂಥದ್ದೇ ಏನೋ. ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಪೆಟ್ಟಿಗೆಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಲು ಇಟ್ಟೆ.

ಫ್ರೀಜರ್‌ನಲ್ಲಿ ಮೂರು ಪೊಟ್ಟಣ ಹಿಡಿದವು. ನಾಲ್ಕನೆಯದಕ್ಕೆ ಹೂರಣದ ಡಬ್ಬಿ ಅಡ್ಡ. ಬಹಳ ಹೊತ್ತು ನಿಂತೆ. ಗಿರಿಜಾ ಇದ್ದಿದ್ದರೆ, “ಹುಡುಗಿ ಓದು ದೊಡ್ಡದೋ, ಹೂರಣ ದೊಡ್ಡದೋ?” ಎಂದು ಗದರುತ್ತಿದ್ದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಒಲೆಕಟ್ಟೆಯ ಮೇಲಿಟ್ಟೆ. ವಿಜ್ಞಾನಕ್ಕೆ ನನ್ನ ಕಿರುಕಾಣಿಕೆ!

ಸಂಜೆ ಸುಮಾ ಫ್ರೀಜರ್ ತೆರೆದಳು.

“ಮಾವ, ಇವು ಬರೇ ಐಸ್ ಪ್ಯಾಕ್!”

“ನಾಕೂ ಭದ್ರ ಅದಾವ, ಎಣಿಸ್ಕೊ.”

“ಸಣ್ಣ ಟ್ಯೂಬ್ ಎಲ್ಲೈತ್ರಿ?”

ಮಾಳಿಗೆಯತ್ತ ಬೆರಳು ತೋರಿಸಿದೆ. ಅವಳು ಓಡಿಹೋಗಿ, ಬಿಸಿಯಾದ ಟ್ಯೂಬ್ ಹಿಡಿದುಕೊಂಡು ಇಳಿದು ಬಂದಳು.

ಅವಳ ಸರ್ ಫೋನಿನಲ್ಲಿ ಇನ್ನೊಂದು ಟ್ಯೂಬ್ ಕೊಡಲು ಒಪ್ಪಿದರು. ಪ್ರಯೋಗ ಮಾತ್ರ ಹದಿನೈದು ದಿನ ಹಿಂದೆ ಬಿತ್ತು. ಕಣ್ಣೊರೆಸಿಕೊಂಡವಳಿಗೆ ಒಲೆಕಟ್ಟೆಯ ಡಬ್ಬಿ ಕಂಡಿತು.

“ಇದು?”

“ನಿಮ್ಮತ್ತಿ ಮಾಡಿದ್ದು.”

ಮುಚ್ಚಳ ತೆಗೆದು ಮೂಸಿದಳು. “ಚಲೋ ಐತ್ರಿ. ಆದ್ರ ಕರಗೈತಿ, ಮತ್ತ ಇಡಾಕ ಬರಂಗಿಲ್ಲ. ಉಣ್ಣೂನು ನಡೀರಿ.”

ಆರು ಹೋಳಿಗೆ ಆದವು. “ಏಲಕ್ಕಿ ಜಾಸ್ತಿ ಹಾಕ್ಯಾಳ ಅತ್ತಿ,” ಎಂದಳು ಸುಮಾ.

“ಯಾವಾಗ್ಲೂ ಹಂಗ ಆಕಿ,” ಎಂದೆ. ಮೂರು ತಿಂದೆ.

ಮೊನ್ನೆ ಮತ್ತೆ ಕರೆಂಟು ಹೋಯಿತು. ಓಡಿಹೋಗಿ ಫ್ರಿಜ್ಜಿಗೆ ಕಂಬಳಿ ಹೊದಿಸಿ ಉಸಿರು ಬಿಟ್ಟೆ. ಒಳಗಿರುವುದು ಸುಮಾ ಬಿಟ್ಟುಹೋದ ನಾಲ್ಕು ಐಸ್ ಪ್ಯಾಕ್ ಎಂದು ಆಮೇಲೆ ನೆನಪಾಯಿತು!