ಸಾಹೇಬರನ್ನು ಸೋಲಿಸಿದ ಭಾನುವಾರ

ಆಟದ ಜಾಗಕ್ಕೆ ಚೀಟಿ ಎತ್ತಿದಾಗ ಮ್ಯಾನೇಜರ ಎದುರಿನ ಕುರ್ಚಿಯೇ ಬಂದದ್ದು ಯೋಚನೆಯಪ್ಪನ ಗ್ರಹಚಾರ. ಬಣ್ಣದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಬಣ್ಣ ಬೆರೆಸುತ್ತಿದ್ದ ಅವನಿಗೆ ಈ ಹೆಸರಿಟ್ಟವರು ಜೊತೆಯ ಕೆಲಸದವರು. ಹಳದಿಗೆ ಒಂದು ಹನಿ ಕಪ್ಪು ಬಿಡಬೇಕಾದರೂ ಅವನು ಕಿಟಕಿಯವರೆಗೆ ಹೋಗಿ, ತಲೆ ಕೆರೆದು, ವಾಪಸು ಬಂದು, ಮತ್ತೆ ಕಿಟಕಿಗೆ ಹೋಗುತ್ತಿದ್ದ. ಸೋಮವಾರ ಮ್ಯಾನೇಜರು ಹೊಸ ಫೋರ್‌ಮನ್ ಹೆಸರು ಓದುವವರಿದ್ದರು. ಅದು ತನ್ನದೇ ಎಂದು ಅವನೂ, ಅವನಿಗಿಂತ ಗಟ್ಟಿಯಾಗಿ ಅವನ ಹೆಂಡತಿಯೂ ನಂಬಿದ್ದರು.

ಭಾನುವಾರ ಕಾರ್ಖಾನೆಯ ಊಟದ ಹಾಲ್‌ನಲ್ಲಿ ನೌಕರರ ಪೋಕರ್ ಇಸ್ಪೀಟು ಪಂದ್ಯ. ಪಣ ಕಟ್ಟಲು ಎಲ್ಲರಿಗೂ ಸಮನಾಗಿ ಪ್ಲಾಸ್ಟಿಕ್ ಬಿಲ್ಲೆ, ಗೆದ್ದವರಿಗೆ ಒಂದು ಗೋಡೆ ಗಡಿಯಾರ. ಪಕ್ಕದಲ್ಲಿ ಕೂತ ಸ್ಟೋರ್‌ಕೀಪರ್ ತನಗೆ ಗೊತ್ತಿದ್ದ ಶಾಸ್ತ್ರವನ್ನೆಲ್ಲ ಇವನ ಕಿವಿಗೆ ಸುರಿದ. ಪ್ರತಿ ಸುತ್ತಿಗೂ ಕಟ್ಟಲೇಬೇಕಾದ ಬಿಲ್ಲೆ ಇಪ್ಪತ್ತು ನಿಮಿಷಕ್ಕೊಮ್ಮೆ ಏರುತ್ತದೆಯಂತೆ. ಅದರ ಹತ್ತುಪಟ್ಟೂ ಕೈಯಲ್ಲಿ ಉಳಿಯದಿದ್ದಾಗ ಒಳ್ಳೆಯ ಎಲೆಗೆ ಕಾಯುತ್ತ ಕೂತವನು ಕರಗಿಹೋಗುತ್ತಾನಂತೆ. ಆಗ ಮೇಜಿನ ಮೇಲೆ ಒಂದೆಲೆಯನ್ನೂ ತೆರೆಯುವ ಮೊದಲೇ, ಕೈಯಲ್ಲಿರುವ ಎರಡನ್ನು ನಂಬಿ, ಇದ್ದದ್ದನ್ನೆಲ್ಲ ಮುಂದೆ ತಳ್ಳಿ 'ಆಲ್ ಇನ್' ಅನ್ನಬೇಕು.

ಈ ಶಾಸ್ತ್ರ ಮ್ಯಾನೇಜರಿಗೂ ಗೊತ್ತಿತ್ತು. ತಮ್ಮ ರಾಶಿ ಒಂದು ಹಿಡಿಗೆ ಇಳಿದಾಗಲೆಲ್ಲ ಅವರು "ಆಲ್ ಇನ್" ಎಂದು ತಳ್ಳಿಬಿಡುತ್ತಿದ್ದರು. ಸುತ್ತ ಕೂತವರೆಲ್ಲ ಬಿಸಿ ಪಾತ್ರೆ ಮುಟ್ಟಿದವರಂತೆ ಎಲೆ ಬಿಸಾಡುತ್ತಿದ್ದರು; ಆ ಸುತ್ತಿಗೆ ಕಟ್ಟಿದ್ದ ಬಿಲ್ಲೆಯೆಲ್ಲ ಸಾಹೇಬರ ಪಾಲಾಗುತ್ತಿತ್ತು. ಮೊದಲ ಸಲ ಯೋಚನೆಯಪ್ಪನ ಕೈಯಲ್ಲಿ ಎರಡು ರಾಜ ಇದ್ದವು. ಬಾಯಿ ತೆರೆಯುವಷ್ಟರಲ್ಲಿ ಸ್ಟೋರ್‌ಕೀಪರ್ ಮೇಜಿನಡಿ ಕಾಲಿಗೆ ಒದ್ದ.

"ನಾಳೆ ಹೆಸರು ಓದೋರು ಯಾರು? ಸುಮ್ನೆ ಎಲೆ ಕೆಳಗಿಡು."

ಇಟ್ಟ. ಮುಂದಿನ ಸಲ ಎರಡು ರಾಣಿ ಬಂದವು. ಅವರನ್ನೂ ಮರ್ಯಾದೆಯಿಂದ ಕಳಿಸಿಕೊಟ್ಟ. ಹೀಗೆ ಮಧ್ಯಾಹ್ನ ಎರಡಾಯಿತು. ಮ್ಯಾನೇಜರ ಆಟ, ವಾಸಿಯೂ ಆಗದ, ಡಿಸ್ಚಾರ್ಜೂ ಆಗದ ರೋಗಿಯಂತೆ ನಡೆದೇ ಇತ್ತು.

ನೀರು ಕುಡಿಯಲು ಎದ್ದ ಯೋಚನೆಯಪ್ಪನಿಗೆ ಕಾರಿಡಾರಿನ ಮೂಲೆಯಿಂದ ಮ್ಯಾನೇಜರ ದನಿ ಕೇಳಿಸಿತು. ಫೋನಿನಲ್ಲಿ ಹೆಂಡತಿಯ ಹತ್ತಿರ ಅಂಗಲಾಚುತ್ತಿದ್ದರು. "ನಾನೇನ್ ಮಾಡ್ಲಿ ಹೇಳು. ಸೋತ್ರೆ ತಾನೆ ಎದ್ದು ಬರೋದು? ಯಾರೂ ನನ್ನ ಸೋಲಿಸ್ತಾನೇ ಇಲ್ಲ."

ಯೋಚನೆಯಪ್ಪ ನೀರಿನ ಲೋಟವನ್ನು ಅಲ್ಲೇ ಇಟ್ಟ. ಪಾಪ, ಮನೆಗೆ ಹೋಗಲು ಒದ್ದಾಡುತ್ತಿರುವ ಮನುಷ್ಯನನ್ನು ನಾವೆಲ್ಲ ಸೇರಿ ಕಟ್ಟಿಹಾಕಿದ್ದೇವಲ್ಲ. ಇವತ್ತು ಅವರನ್ನು ಸೋಲಿಸಿದವನೇ ಅವರ ಆಪ್ತ. ಕುರ್ಚಿಗೆ ಬಂದು ಕೂತ. ಮ್ಯಾನೇಜರು ಮತ್ತೆ "ಆಲ್ ಇನ್" ಎಂದರು. ಇವನ ಹತ್ತಿರ ಅವರಿಗಿಂತ ನಾಲ್ಕು ಬಿಲ್ಲೆ ಮಾತ್ರ ಹೆಚ್ಚಿತ್ತು. ಎಲೆಗಳೋ, ಒಂದಕ್ಕೊಂದು ಸಂಬಂಧವಿಲ್ಲದ ಒಂಬತ್ತು ಮತ್ತು ನಾಲ್ಕು. ಸ್ಟೋರ್‌ಕೀಪರ್ ಒದ್ದ. ಇನ್ನೊಮ್ಮೆ ಒದ್ದ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಯೋಚಿಸದೆ ಯೋಚನೆಯಪ್ಪ ರಾಶಿಯನ್ನೆಲ್ಲ ತಳ್ಳಿದ.

"ನಾನೂ ಆಲ್ ಇನ್, ಸಾರ್."

ಮ್ಯಾನೇಜರು ತಿರುಗಿಸಿ ತೋರಿಸಿದ್ದು ಎರಡು ಎಕ್ಕ. ಆದರೆ ಮೇಜಿನ ಮೇಲೆ ತೆರೆದ ಮೊದಲ ಮೂರು ಎಲೆಗಳಲ್ಲೇ ಒಂದು ಒಂಬತ್ತು, ಒಂದು ನಾಲ್ಕು; ಅವರದು ಒಂದೇ ಜೋಡಿ, ಇವನದು ಎರಡು. ಉಳಿದೆರಡು ಎಲೆ ತೆರೆದರೂ ಎಕ್ಕಗಳಿಗೆ ಸಹಾಯ ಬರಲಿಲ್ಲ. ಮ್ಯಾನೇಜರು ಔಟು.

ಅವರು ಮೆಲ್ಲಗೆ ಎದ್ದು ಬಂದಾಗ, ಕೈ ಕುಲುಕುತ್ತಾರೆಂದು ಯೋಚನೆಯಪ್ಪ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಬೆಳಿಗ್ಗೆಯಿಂದ ನಮ್ಮತ್ತೆ ಮನೆ ಖಾಲಿ ಮಾಡ್ತಿದಾರೆ ಕಣಯ್ಯ," ಎಂದರು ತಗ್ಗಿದ ದನಿಯಲ್ಲಿ. "ಆಟದಲ್ಲಿರೋ ತನಕ ಏಳೋ ಹಾಗಿಲ್ಲ ಅಂತ ಹೇಳಿ ತಪ್ಪಿಸ್ಕೊಂಡಿದ್ದೆ. ಯಾರೂ ನನ್ನ ಮುಟ್ಟಲ್ಲ ಅಂತ ಗೊತ್ತಿತ್ತು. ಇನ್ನೊಂದು ಗಂಟೆ ತಳ್ಳಿದ್ರೆ ಎಲ್ಲಾ ಮುಗಿದಿರೋದು." ಆಮೇಲೆ ಇವನ ಭುಜಗಳನ್ನು ಅಳತೆ ಹಾಕುವವರಂತೆ ನೋಡಿದರು. "ಏಳು. ಕಬ್ಬಿಣದ ಬೀರು ಒಬ್ಬನ ಕೈಲಾಗಲ್ಲ."

ತನ್ನ ಖಾಲಿ ಕುರ್ಚಿಯ ಮುಂದಿದ್ದ ಬಿಲ್ಲೆಗಳನ್ನು ಪ್ರತಿ ಸುತ್ತಿಗೂ ಕಟ್ಟಲೇಬೇಕಾದ ಪಣ ತಿಂದು ತೇಗುವ ಹೊತ್ತಿಗೆ, ಯೋಚನೆಯಪ್ಪ ಮ್ಯಾನೇಜರ ಅತ್ತೆಯ ಹೊಸ ಮನೆಯ ಮೆಟ್ಟಿಲ ಮೇಲೆ ಬೀರುವಿನ ಕೆಳತುದಿ ಹೊತ್ತು ನಿಂತಿದ್ದ. ಎರಡನೇ ಮಹಡಿಯ ತಿರುವಿನಲ್ಲಿ ಉಸಿರು ಕೂಡಿಸಿಕೊಂಡು, ಫೋರ್‌ಮನ್ ವಿಚಾರ ಏನಾದರೂ ತೀರ್ಮಾನವಾಯಿತೇ ಎಂದು ಕೇಳಿದ.

"ಶುಕ್ರವಾರವೇ ಸಹಿ ಹಾಕ್ದೆ. ಸ್ಟೋರ್‌ಕೀಪರ್‌ಗೆ," ಎಂದರು ಮೇಲ್ತುದಿಯಿಂದ ಮ್ಯಾನೇಜರು. "ನಿನ್ನ ಹೆಸರೂ ಇತ್ತು. ನಿಂಗೆ ಧೈರ್ಯ ಸಾಲದು ಅಂತ ಹೊಡೆದುಹಾಕ್ದೆ. ಇವತ್ತಿನ ಧೈರ್ಯ ಗುರುವಾರ ತೋರ್ಸಿದ್ರೆ ನೋಡಬಹುದಿತ್ತು. ಸರಿಯಾಗಿ ಹಿಡ್ಕೋ, ಇನ್ನೂ ಒಂದು ಮಹಡಿ ಇದೆ."