ಎರಡು ಹಿಡಿಯ ಕತ್ತಿ

ಕುರ್ಚಿ ಮಾಡುವುದು ಕಷ್ಟವಲ್ಲ ಸ್ವಾಮಿ. ಹೆಂಡತಿಯ ಕಣ್ಣು ತಪ್ಪಿಸಿ ಕುರ್ಚಿ ಮಾಡುವ ಹತ್ಯಾರಗಳನ್ನು ಮಾಡುವುದಿದೆಯಲ್ಲ, ಅದು ಕಷ್ಟ.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನಾನು ಕುಮಟೆಯಲ್ಲಿ ಗುಮಾಸ್ತ. ನಮ್ಮ ಬಾಡಿಗೆ ಮನೆಯಲ್ಲಿ ಚಾಪೆ, ಮಣೆ ಬಿಟ್ಟರೆ ಬೇರೆ ಸಿಂಹಾಸನ ಇರಲಿಲ್ಲ. ಹೀಗಿರುವಾಗ ಹೊನ್ನಾವರದ ಕಡೆಯಿಂದ ಮಾವ ಮಹಾಗಣಪತಿ ಭಟ್ಟರು ಬರುತ್ತಾರೆಂದು ಸುದ್ದಿ ಬಂತು. ಜಾರಿ ಬಿದ್ದು ಮೊಣಕಾಲು ನೋಯಿಸಿಕೊಂಡಿದ್ದ ಅವರಿಗೆ ನೆಲದ ಮೇಲೆ ಕೂರಲಾಗದು. (ಶರೀರವೂ ಹೆಸರಿಗೆ ತಕ್ಕಂತೆಯೇ.)

"ಅಪ್ಪಯ್ಯ ಎಲ್ಲಿ ಕೂತ್ಕತ್ತ?" ಎಂದಳು ನನ್ನಾಕೆ ಸುಬ್ಬಲಕ್ಷ್ಮಿ. "ಹೋದ ಸಲ ಪಕ್ಕದ ಮನೆ ಕುರ್ಚಿ ತಂದು ಮರ್ಯಾದೆ ಹೋತು."

"ಆನೇ ಮಾಡ್ತೆ ತಡಿ. ಒಂದು ಹಲಗೆ, ಸುತ್ತ ಕೋಲು. ಅದರಲ್ಲಿ ಎಂತ ಇದ್ದು?" ಎಂದೆ ನಾನು.

ಆಚಾರಿ ಬೊಮ್ಮಯ್ಯನ ಹತ್ತಿರ ಹತ್ಯಾರ ಕೇಳಿದೆ. "ತದಡಿಯಲ್ಲಿ ದೋಣಿ ಕೆಲಸ ಉಂಟು ಒಡೆಯಾ. ಉಳಿ, ಬಾಚಿ ನಿಮಗೆ ಕೊಟ್ಟು ನಾ ಎಂತ ಹಲ್ಲಲ್ಲಿ ಕೊರೀಲಾ?" ಎಂದು ಹೊರಟೇಹೋದ.

ಸರಿ, ಹತ್ಯಾರವನ್ನೂ ನಾನೇ ಮಾಡುವುದೆಂದು ಭೀಷ್ಮಪ್ರತಿಜ್ಞೆ ಮಾಡಿದೆ. ಮುರಿದ ಕೊಡೆಯ ಸರಳಿನ ತುದಿ ಚಪ್ಪಟೆ ಬಡಿದು, ತೆಂಗಿನ ಹುರಿಯ ಬಿಲ್ಲು ಸುತ್ತಿ ತಿರುಗಿಸಿದರೆ ಬೈರಿಗೆಯಾಯಿತು. ಹಲಗೆಯಲ್ಲಿ ತೂತು ಬಿತ್ತು. ಕೋಲು ಹೆರೆಯಲು ಎರಡು ಕೈಯಲ್ಲಿ ಹಿಡಿದು ಎಳೆಯುವ ಕತ್ತಿ ಬೇಕಿತ್ತು. ಹಳೆಯ ಕುಡುಗೋಲನ್ನು ಬಚ್ಚಲ ಒಲೆಯಲ್ಲಿ ಕಾಯಿಸಿ ಬಡಿದೆ, ಹಪ್ಪಳದಂತೆ ಮುರಿಯಿತು. ಮಾವ ಬರುವುದು ಮರುದಿನ. ಬೆವರೊರೆಸಿಕೊಳ್ಳುತ್ತ ಅಡುಗೆಮನೆಗೆ ಹೋದಾಗ, ತರಕಾರಿ ಕೊರೆಯುವ ಮೆಟ್ಟುಗತ್ತಿ ಕಣ್ಣಿಗೆ ಬಿತ್ತು. ಸುಬ್ಬಲಕ್ಷ್ಮಿ ಬಾವಿಕಟ್ಟೆಯಲ್ಲಿದ್ದಳು.

ಕಾಲಲ್ಲಿ ಮೆಟ್ಟುವ ಮಣೆಯಿಂದ ಅಲಗು ಕಿತ್ತು ಎರಡೂ ತುದಿಗೆ ಹಿಡಿ ಕೂರಿಸಿ ಎಳೆದೆ. ಆಹಾ! ಹೆರೆ ಸುರುಳಿ ಸುರುಳಿಯಾಗಿ ಬಂತು. ಸಂಜೆಯೊಳಗೆ ಕುರ್ಚಿ ನಿಂತಿತು. ಕುರ್ಚಿಯ ಕೈಗೆಂದು ಒಳಮುಖವಾಗಿ ಬಾಗಿದ ಎರಡು ಮರದ ಗೆಲ್ಲು ಜಡಿದೆ. ಕತ್ತಿಯನ್ನು ಅಕ್ಕಿ ಪೆಟ್ಟಿಗೆಯ ಹಿಂದೆ ಅಡಗಿಸಿದೆ.

ಮರುದಿನ ಬೆಳಿಗ್ಗೆ ಒಳಗಿನಿಂದ ಗುಡುಗು. "ಮೆಟ್ಟುಗತ್ತೀಲಿ ಮೆಟ್ಟು ಮಾತ್ರ ಇದ್ದು! ಕತ್ತಿ ಎಲ್ಲಿ?"

"ಯಂಗೆ ಗೊತ್ತಿಲ್ಲೆ" ಎನ್ನುವಷ್ಟರಲ್ಲಿ ಮಾವ ಮೆಟ್ಟಿಲು ಹತ್ತಿದರು. ಬಚಾವಾದೆ.

ಅವರು ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು, ದೇವರನ್ನು ನೆನೆದು ಕೂತರು. ಕಿರ್‍ರ್ ಎಂದಿತು. ಸುಬ್ಬಲಕ್ಷ್ಮಿಯ ಕೈ ತಾಳಿಗೆ ಹೋಯಿತು. ಕುರ್ಚಿ ಮುರಿಯಲಿಲ್ಲ! ನಾನು ಉಬ್ಬಿದೆ. ಒಳಗೆ ಪಾಪ ಅವಳು ಬಾಳೆಕಾಯಿಯನ್ನು ಅಡಕತ್ತರಿಯಲ್ಲಿ ಹೆಚ್ಚುತ್ತಿದ್ದಳು.

ಊಟಕ್ಕೆ ಕರೆದಾಗ ಮಾವ ಎದ್ದರು. ಜೊತೆಗೆ ಕುರ್ಚಿಯೂ ಎದ್ದಿತು.

"ಹರಿಹರ, ಇದು ಬಿಡ್ತಿಲ್ಲೆ!" ಎಂದು ನನ್ನ ಹೆಸರು ಹಿಡಿದು ಕೂಗಿದರು.

ಬೇರೆ ಕುರ್ಚಿಗಳು ಕೈಕೊಡುತ್ತವೆ. ನನ್ನದು ಕೈಬಿಡಲೇ ಇಲ್ಲ. ಮುಂದಿನಿಂದ ಸುಬ್ಬಲಕ್ಷ್ಮಿ ಅಪ್ಪನನ್ನು, ಹಿಂದಿನಿಂದ ನಾನು ಕುರ್ಚಿಯನ್ನು ಎಳೆದೆವು. ಮಾವ ಮೊಣಕಾಲು ಹಿಡಿದು ಚೀರಿದರು.

"ಅದರ ಕೈ ಕಡಿರಿ!" ಎಂದಳು ಸುಬ್ಬಲಕ್ಷ್ಮಿ.

"ಎಂತದ್ರಲ್ಲಿ ಕಡಿಯದು?" ಎಂದೆ, ಅಕ್ಕಿ ಪೆಟ್ಟಿಗೆಯ ಕಡೆ ನೋಡದಿರಲು ಹೆಣಗುತ್ತ. ಮಾವನ ಮುಖ ಕೆಂಪೇರಿತು, ನೀಲಿಗೆ ತಿರುಗತೊಡಗಿತು. ಬೇರೆ ದಾರಿಯಿರಲಿಲ್ಲ. ಹೋಗಿ ಕತ್ತಿ ತಂದೆ. ಅವಳು ಅಲಗನ್ನು ಗುರುತು ಹಿಡಿದಳು. ನನ್ನನ್ನೊಮ್ಮೆ ನೋಡಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅದೇ ಭಯ.

ಅಲಗಿಗೂ ಮಾವನ ಹೊಟ್ಟೆಗೂ ಬೆರಳಿನಷ್ಟೇ ಅಂತರ.

"ಉಸಿರು ಬಿಡಡಿ ಮಾವ, ಹೊಟ್ಟೆ ಒಳಗೇ ಇರ್ಲಿ!"

ಅವರು ಕಣ್ಣು ಮುಚ್ಚಿದರು. ನಾನು ನನ್ನತ್ತ ಎಳೆದೆ. ಹೆರೆ ಹಾರಿತು. ಮತ್ತೆ ಎಳೆದೆ. ಬೆವರಿಗೆ ಹಿಡಿ ಜಾರುತ್ತಿತ್ತು. ಕೊನೆಗೆ ಟಕ್ಕೆಂದು ಒಂದು ಕೈ ಬಿತ್ತು, ಮಾವ ಈಚೆ ಬಂದರು. ಇನ್ನೊಂದನ್ನೂ ಕಡಿಯಹೇಳಿ, ಮತ್ತೆ ಅದರಲ್ಲೇ ಕೂತರು!

"ಈಗ ಚಲೋ ಆತು. ಮೊಣಕಾಲಿಗೆ ಬರೋಬರಿ ಎತ್ತರ. ಇದನ್ನ ಆನು ಮನಿಗೆ ತಗಂಡು ಹೋಗ್ತೆ."

ಸಂಜೆ ಕುರ್ಚಿ ಹೊತ್ತು ಅವರ ಹಿಂದೆ ಬಸ್ಸಿಗೆ ನಡೆದೆ. ದಾರಿಯುದ್ದಕ್ಕೂ "ಮನೆ ಖಾಲಿ ಮಾಡಿದ್ರಾ?" ಎಂಬ ಪ್ರಶ್ನೆ. ಬಸ್ಸಿನಲ್ಲಿ ಜಾಗವಿರಲಿಲ್ಲ, ಮಾವ ಸೀಟುಗಳ ನಡುವೆ ನನ್ನ ಕುರ್ಚಿ ಹಾಕಿಸಿ ಮಹಾರಾಜರಂತೆ ಕೂತು ಹೋದರು.

ಬರಿಗೈಯಲ್ಲಿ ಮನೆಗೆ ಬಂದರೆ ಬಾಗಿಲಲ್ಲೇ ಸುಬ್ಬಲಕ್ಷ್ಮಿ. ಮುಂದೆ ದೊಡ್ಡ ಸುವರ್ಣಗಡ್ಡೆ. ಎರಡೂ ಕೈಯಲ್ಲಿ ನನ್ನ ಕತ್ತಿ.

"ಬನ್ನಿ, ಕೂತ್ಕಳಿ. ಇದಕ್ಕೆ ಎರಡು ಹಿಡಿ. ಗಡ್ಡೆ ಹಿಡಿಯಲೆ ಯಂಗೆ ಮೂರನೇ ಕೈ ಇಲ್ಲೆ."

ನಾನು ಗಡ್ಡೆಯನ್ನು ಎದೆಗೊತ್ತಿ ಹಿಡಿದು ಕಣ್ಣು ಮುಚ್ಚಿದೆ. ಅವಳು ಎಳೆದಳು.